ಎಂಜಿನ್ ಕೂರುವ ಮೆತ್ತೆ

ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಡಬೇಕು, ಅಲ್ಲಿಂದ ಕಚೇರಿಗೆ ಹೋಗಬೇಕು, ಸಂಜೆ ಟ್ಯೂಷನ್ ಮುಗಿಸಿದವರನ್ನು ಕರೆತರಬೇಕು. ಹೀಗೆ ದಿನವೂ ದುಡಿಯುವ ಕಾರು ಕೆಲವು ವರ್ಷ ಕಳೆಯುತ್ತಿದ್ದಂತೆ ಹೊಸ ಚಾಳಿಗಳನ್ನು ಕಲಿಯುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಸ್ಟೀರಿಂಗ್ ಚಕ್ರ ಜುಮುಜುಮು ಎನ್ನುತ್ತದೆ. ಹಿಂದಿನ ಸೀಟಿನಲ್ಲಿ ಕುಳಿತ ಅಜ್ಜಿಗೆ ಕಾಲಡಿ ನಡುಕ ತಿಳಿಯುತ್ತದೆ. ಕ್ಲಚ್ ಬಿಟ್ಟು ಹೊರಡುವಾಗ ಬಾನೆಟ್ಟಿನೊಳಗೆ ಯಾರೋ ಗುದ್ದಿದಂತೆ 'ಧಡ್' ಎಂಬ ಸದ್ದು. ಹಂಪ್ ಇಳಿಯುವಾಗ ಮುಂಚಕ್ರದ ಬಳಿ 'ಟಕ್ ಟಕ್'.

ಗ್ಯಾರೇಜಿನಲ್ಲಿ ಬಾನೆಟ್ ಎತ್ತಿ ನೋಡಿದ ಮೆಕ್ಯಾನಿಕ್ ಹೇಳುತ್ತಾನೆ: "ಮೌಂಟಿಂಗ್ ಹೋಗಿದೆ ಸಾರ್. ಕೆಳಗೆ ಆರ್ಮ್ ಬುಷ್ಶೂ ಹೋಗಿದೆ. ಕಂಪನಿದು ಹಾಕ್ಲಾ, ಲೋಕಲ್ ಹಾಕ್ಲಾ?" ಕಂಪನಿಯ ಮಾಲಿಗೂ ಲೋಕಲ್ ಮಾಲಿಗೂ ಬೆಲೆಯಲ್ಲಿ ಬಹಳ ವ್ಯತ್ಯಾಸ. ಕೈಯಲ್ಲಿ ಹಿಡಿದು ನೋಡಿದರೆ ಎರಡೂ ಒಂದೇ. ಒಂದು ಕಬ್ಬಿಣದ ಪಟ್ಟಿ, ಅದಕ್ಕೆ ಅಂಟಿದ ಒಂದು ಕಪ್ಪು ರಬ್ಬರ್ ಮುದ್ದೆ. ತಿಂಗಳ ಕೊನೆಯಲ್ಲಿ ಶಾಲೆಯ ಫೀಸನ್ನೂ ಕಟ್ಟಬೇಕಾದ ತಂದೆಗೆ ಆಗ ಏಳುವ ಪ್ರಶ್ನೆ ಸಹಜವಾದದ್ದೇ: ರಬ್ಬರಿಗೆ ಇಷ್ಟು ದುಡ್ಡೇ?

ಈ ಪ್ರಶ್ನೆಗೆ ಉತ್ತರ ಅಂಗಡಿಯ ಬೆಲೆಪಟ್ಟಿಯಲ್ಲಿ ಸಿಗುವುದಿಲ್ಲ. ಅದು ಮನೆಯಲ್ಲೇ ಇದೆ. ಪಿಯುಸಿ ಓದುತ್ತಿರುವ ಮಗಳ ಭೌತಶಾಸ್ತ್ರದ ಪುಸ್ತಕದಲ್ಲಿ, ಆಂದೋಲನಗಳ ಪಾಠದಲ್ಲಿ.

ಎಂಜಿನ್ ನಡುಗುವುದೇಕೆ?

ಎಂಜಿನ್ನಿನ ಒಳಗೆ ಪಿಸ್ಟನ್ನುಗಳು ಮೇಲೆ ಕೆಳಗೆ ಓಡಾಡುತ್ತಿರುತ್ತವೆ. ಪ್ರತಿ ಸಿಲಿಂಡರಿನಲ್ಲೂ ಪೆಟ್ರೋಲ್ ಅಥವಾ ಡೀಸೆಲ್ ಉರಿದಾಗ ಪಿಸ್ಟನ್ನಿಗೆ ಒಂದು ಒದೆ ಬೀಳುತ್ತದೆ. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಒಂದು ಸಿಲಿಂಡರಿಗೆ ಕ್ರ್ಯಾಂಕ್ ದಂಡ ಎರಡು ಸುತ್ತು ತಿರುಗುವುದಕ್ಕೆ ಒಮ್ಮೆ ಮಾತ್ರ ಈ ಒದೆ. ಹಾಗಾಗಿ ನಾಲ್ಕು ಸಿಲಿಂಡರುಗಳಿದ್ದರೆ ಒಂದು ಸುತ್ತಿಗೆ ಎರಡು ಒದೆ, ಮೂರು ಸಿಲಿಂಡರುಗಳಿದ್ದರೆ ಒಂದು ಸುತ್ತಿಗೆ ಒಂದೂವರೆ ಒದೆ.

ಕಾರು ನಿಂತಲ್ಲೇ ಗುರುಗುಡುತ್ತಿರುವಾಗ ಎಂಜಿನ್ ನಿಮಿಷಕ್ಕೆ ಸುಮಾರು ೮೦೦ ಸುತ್ತು ತಿರುಗುತ್ತದೆ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ ೧೩ ಸುತ್ತಿಗಿಂತ ಸ್ವಲ್ಪ ಹೆಚ್ಚು. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಇದು ಸೆಕೆಂಡಿಗೆ ಸುಮಾರು ೨೭ ಒದೆಗಳಾಗುತ್ತವೆ, ಅಂದರೆ ಆವೃತ್ತಿ ೨೭ ಹರ್ಟ್ಸ್. ಮೂರು ಸಿಲಿಂಡರಿನದಾದರೆ ೨೦ ಹರ್ಟ್ಸ್. ನಮ್ಮ ದೇಶದಲ್ಲಿ ೧೯೮೩ರಿಂದ ೨೦೧೪ರವರೆಗೆ ತಯಾರಾದ ಮಾರುತಿ ೮೦೦ ಕಾರಿನದು ಮೂರು ಸಿಲಿಂಡರಿನ ಎಂಜಿನ್. ಅದರ ತಮ್ಮನಂತೆ ಬಂದ ಆಲ್ಟೋದ್ದೂ ಅಷ್ಟೆ. ಚಿಕ್ಕ ಕಾರುಗಳಲ್ಲಿ ಮೂರು ಸಿಲಿಂಡರಿನವು ಬಹಳ. ಈ ಸಂಖ್ಯೆಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಇಂಥ ನಡುಗುವ ಯಂತ್ರವನ್ನು ಕಾರಿನ ತಗಡಿನ ಮೈಗೆ ಬೋಲ್ಟು ಹಾಕಿ ನೇರವಾಗಿ ಬಿಗಿದರೆ ಏನಾದೀತು? ಇಡೀ ಕಾರೇ ತಂಬೂರಿಯ ಬುರುಡೆಯಂತೆ ದನಿಗೂಡಿಸುತ್ತದೆ. ಆದ್ದರಿಂದ ಎಂಜಿನ್ನಿಗೂ ಕಾರಿನ ಮೈಗೂ ನಡುವೆ ಮೂರು ಅಥವಾ ನಾಲ್ಕು ಕಡೆ ರಬ್ಬರಿನ ಮೆತ್ತೆಗಳನ್ನು ಇಡುತ್ತಾರೆ. ಇವೇ ಎಂಜಿನ್ ಮೌಂಟಿಂಗುಗಳು.

ಬೀಗ ಮತ್ತು ರಬ್ಬರ್ ಬ್ಯಾಂಡು

ಮೆತ್ತೆ ಇಟ್ಟ ಮಾತ್ರಕ್ಕೆ ನಡುಕ ನಿಲ್ಲುತ್ತದೆಯೇ? ಇಲ್ಲ. ಇದನ್ನು ಮನೆಯಲ್ಲೇ ನೋಡಬಹುದು. ನಾಲ್ಕಾರು ರಬ್ಬರ್ ಬ್ಯಾಂಡುಗಳನ್ನು ಒಂದಕ್ಕೊಂದು ಗಂಟು ಹಾಕಿ, ತುದಿಗೆ ಒಂದು ಸಣ್ಣ ಬೀಗ ಕಟ್ಟಿ, ಇನ್ನೊಂದು ತುದಿಯನ್ನು ಕೈಯಲ್ಲಿ ಹಿಡಿಯಿರಿ. ಮುಖದಿಂದ ದೂರವಿರಲಿ.

ಮೊದಲು ಕೈಯನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸಿ. ಬೀಗವೂ ಕೈಯ ಜೊತೆಗೇ ಏರಿಳಿಯುತ್ತದೆ, ರಬ್ಬರ್ ಇಲ್ಲವೇನೋ ಎಂಬಂತೆ. ಈಗ ವೇಗವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ಒಂದು ವೇಗದಲ್ಲಿ ಕೈ ಒಂದಿಂಚು ಆಡಿದರೂ ಬೀಗ ಗೇಣುದ್ದ ಕುಣಿಯತೊಡಗುತ್ತದೆ. ಇನ್ನೂ ಜೋರಾಗಿ ಆಡಿಸಿದರೆ ಆಶ್ಚರ್ಯ! ಕೈ ಪಟಪಟನೆ ಆಡುತ್ತಿದ್ದರೂ ಬೀಗ ಹೆಚ್ಚು ಕಡಿಮೆ ಇದ್ದಲ್ಲೇ ನಿಂತುಬಿಡುತ್ತದೆ.

ಬೀಗ ಹುಚ್ಚೆದ್ದು ಕುಣಿದ ಆ ವೇಗವೇ ಬೀಗ ಮತ್ತು ರಬ್ಬರಿನ ಜೋಡಿಯ ಸಹಜ ಆವೃತ್ತಿ. ಹೊರಗಿನ ಅಲುಗಾಟ ಇದಕ್ಕೆ ಸರಿಹೊಂದಿದಾಗ ಕಂಪನ ಹಿಗ್ಗುವುದನ್ನು ಅನುರಣನೆ ಎನ್ನುತ್ತಾರೆ. ರಬ್ಬರ್ ನಿಜವಾಗಿ ನಡುಕವನ್ನು ತಡೆಯುವುದು ಮೂರನೆಯ ಹಂತದಲ್ಲಿ ಮಾತ್ರ. ಅಂದರೆ ನಡುಕದ ಆವೃತ್ತಿ ಸಹಜ ಆವೃತ್ತಿಗಿಂತ ಸಾಕಷ್ಟು ಹೆಚ್ಚಾಗಿರುವಾಗ. ಎಷ್ಟು ಹೆಚ್ಚು? ೨ರ ವರ್ಗಮೂಲದಷ್ಟು, ಅಂದರೆ ೧.೪೧ ಪಟ್ಟು ದಾಟಿದ ಮೇಲೆ. ಅದಕ್ಕಿಂತ ಕೆಳಗೆ ಮೆತ್ತೆ ಉಪಕಾರ ಮಾಡುವುದಿಲ್ಲ, ಕೆಲವೊಮ್ಮೆ ಅಪಕಾರವನ್ನೇ ಮಾಡುತ್ತದೆ.

ಲೆಕ್ಕ ಏನು ಹೇಳುತ್ತದೆ?

ಎಂಜಿನ್ನಿನ ಭಾರ ಬಿದ್ದಾಗ ಮೆತ್ತೆ ಎರಡೂವರೆ ಮಿಲಿಮೀಟರ್ ಕುಗ್ಗುತ್ತದೆ ಎಂದುಕೊಳ್ಳೋಣ. ಸಹಜ ಆವೃತ್ತಿಯನ್ನು ತಿಳಿಯಲು ಸುಲಭವಾದ ಸೂತ್ರವಿದೆ. ೧೫.೮ನ್ನು ಮಿಲಿಮೀಟರಿನಲ್ಲಿರುವ ಕುಗ್ಗುವಿಕೆಯ ವರ್ಗಮೂಲದಿಂದ ಭಾಗಿಸಿದರೆ ಆಯಿತು. ಉತ್ತರ ೧೦ ಹರ್ಟ್ಸ್.

ಎಷ್ಟು ಪಾಲು ನಡುಕ ಮೆತ್ತೆಯನ್ನು ದಾಟಿ ಕಾರಿನ ಮೈಗೆ ಬರುತ್ತದೆ ಎನ್ನುವುದಕ್ಕೂ ಸೂತ್ರವಿದೆ. ನಡುಕದ ಆವೃತ್ತಿಯನ್ನು ಸಹಜ ಆವೃತ್ತಿಯಿಂದ ಭಾಗಿಸಿ, ಬಂದದ್ದನ್ನು ವರ್ಗ ಮಾಡಿ, ಅದರಿಂದ ಒಂದನ್ನು ಕಳೆಯಿರಿ. ಉಳಿದ ಸಂಖ್ಯೆಯಿಂದ ಒಂದನ್ನು ಭಾಗಿಸಿ. ನಾಲ್ಕು ಸಿಲಿಂಡರಿಗೆ ೨೭ನ್ನು ೧೦ರಿಂದ ಭಾಗಿಸಿದರೆ ೨.೭, ಅದರ ವರ್ಗ ೭.೨೯, ಒಂದು ಕಳೆದರೆ ೬.೨೯. ಹಾಗಾಗಿ ದಾಟಿ ಬರುವುದು ನೂರಕ್ಕೆ ೧೬ ಪಾಲು. ಉಳಿದ ೮೪ ಪಾಲು ಒಳಗೆ ಕುಳಿತವರಿಗೆ ತಿಳಿಯುವುದೇ ಇಲ್ಲ.

ಈಗ ಅಂಗಡಿಯವನು ಕೊಟ್ಟ ಅಗ್ಗದ ಮೆತ್ತೆ ಎರಡು ಪಟ್ಟು ಬಿಗಿಯಾಗಿದೆ ಎನ್ನೋಣ. ಬಿಗಿತ ಎರಡು ಪಟ್ಟಾದರೆ ಸಹಜ ಆವೃತ್ತಿ ೧.೪೧ ಪಟ್ಟಾಗುತ್ತದೆ, ಅಂದರೆ ೧೪ ಹರ್ಟ್ಸ್. ಅದೇ ಲೆಕ್ಕ ಮಾಡಿದರೆ ದಾಟಿ ಬರುವುದು ನೂರಕ್ಕೆ ೩೮ ಪಾಲು. ನಾಲ್ಕು ಪಟ್ಟು ಬಿಗಿಯಾದರೆ ಸಹಜ ಆವೃತ್ತಿ ೨೦ ಹರ್ಟ್ಸ್ ಆಗಿ, ದಾಟುವುದು ನೂರಕ್ಕೆ ೧೨೨! ಮೆತ್ತೆ ಇಲ್ಲದಿದ್ದರೇ ಮೇಲಿತ್ತು ಎನ್ನುವ ಸ್ಥಿತಿ.

ಮೂರು ಸಿಲಿಂಡರಿನ ಚಿಕ್ಕ ಕಾರಿನ ಪಾಡು ಇನ್ನೂ ನಾಜೂಕು. ಅದರ ೨೦ ಹರ್ಟ್ಸ್ ನಡುಕಕ್ಕೆ ಸರಿಯಾದ ಮೆತ್ತೆ ಇದ್ದಾಗಲೇ ನೂರಕ್ಕೆ ೩೩ ಪಾಲು ದಾಟುತ್ತದೆ. ಬಿಗಿತ ಎರಡು ಪಟ್ಟಾಯಿತೆಂದರೆ ನೂರಕ್ಕೆ ನೂರೂ ದಾಟುತ್ತದೆ. ಅಗ್ಗದ ಕಾರಿಗೆ ಅಗ್ಗದ ಮೌಂಟಿಂಗ್ ಸಾಕು ಎಂದು ಬಹಳ ಜನ ಭಾವಿಸುತ್ತಾರೆ. ಲೆಕ್ಕ ಹೇಳುವುದು ಇದಕ್ಕೆ ವಿರುದ್ಧ. ಮೆತ್ತೆಯ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ಚಿಕ್ಕ ಕಾರಿಗೇ.

ಇದು ಸರಳಗೊಳಿಸಿದ ಲೆಕ್ಕ. ನಿಜವಾದ ಎಂಜಿನ್ ಮೇಲೆ ಕೆಳಗಷ್ಟೇ ಅಲ್ಲ, ಓಲಾಡುತ್ತದೆ, ತಿರುಚುತ್ತದೆ. ರಬ್ಬರ್ ಕೂಡ ನಡುಕವನ್ನು ಒಂದಿಷ್ಟು ಹೀರಿಕೊಂಡು ಶಾಖ ಮಾಡಿಬಿಡುತ್ತದೆ. ಆದರೂ ದಿಕ್ಕು ತೋರಿಸಲು ಈ ಲೆಕ್ಕ ಸಾಕು.

ಎರಡು ಪಟ್ಟು ಬಿಗಿತ ಎಂದರೆ ಬಹಳ ದೊಡ್ಡ ವ್ಯತ್ಯಾಸವೇನಲ್ಲ. ರಬ್ಬರಿನ ಗಡಸುತನವನ್ನು 'ಶೋರ್ ಎ' ಎಂಬ ಮಾಪಕದಲ್ಲಿ ಅಳೆಯುತ್ತಾರೆ. ಮೌಂಟಿಂಗುಗಳ ರಬ್ಬರ್ ಸಾಮಾನ್ಯವಾಗಿ ೪೦ರಿಂದ ೭೦ರ ನಡುವೆ ಇರುತ್ತದೆ. ಇದರಲ್ಲಿ ೧೦ ಅಂಕ ಹೆಚ್ಚಾದರೆ ಬಿಗಿತ ಒಂದೂವರೆಯಿಂದ ಎರಡು ಪಟ್ಟಾಗುತ್ತದೆ. ಹೆಬ್ಬೆರಳಿನಿಂದ ಒತ್ತಿ ನೋಡಿ ಈ ೧೦ ಅಂಕದ ಅಂತರವನ್ನು ನಿಖರವಾಗಿ ಹೇಳುವುದು ಯಾರಿಗೂ ಸುಲಭವಲ್ಲ. "ನೋಡಿ ಸಾರ್, ಎಷ್ಟು ಗಟ್ಟಿ ಇದೆ!" ಎಂದು ಅಂಗಡಿಯವನು ಹೊಗಳುವುದು ಮೆತ್ತೆಯ ದೋಷವನ್ನೇ ಇರಬಹುದು.

ಮೆತ್ತೆಗೆ ಇನ್ನೊಂದು ಕೆಲಸ

ಹಾಗಿದ್ದರೆ ಹತ್ತಿಯಂತೆ ಮೆತ್ತಗಿರುವ ರಬ್ಬರ್ ಇಡಬಾರದೇ? ಇಡಬಾರದು. ಮೌಂಟಿಂಗ್ ಎಂಜಿನ್ನನ್ನು ಹಿಡಿದೂ ಇಡಬೇಕು. ಇಲ್ಲಿ ನ್ಯೂಟನ್ನನ ಮೂರನೆಯ ನಿಯಮ ಬರುತ್ತದೆ. ಎಂಜಿನ್ ಚಕ್ರವನ್ನು ಮುಂದಕ್ಕೆ ತಿರುಗಿಸಿದರೆ, ಅಷ್ಟೇ ಬಲದಿಂದ ಎಂಜಿನ್ ತಾನು ಹಿಂದಕ್ಕೆ ಮಗುಚಲು ನೋಡುತ್ತದೆ.

ಮುಂಚಕ್ರಗಳನ್ನು ಓಡಿಸುವ, ಅಡ್ಡಲಾಗಿ ಎಂಜಿನ್ ಇರುವ ಒಂದು ಚಿಕ್ಕ ಕಾರನ್ನು ಉದಾಹರಣೆಗೆ ತೆಗೆದುಕೊಳ್ಳಿ. ಎಂಜಿನ್ನಿನ ತಿರುಚುಬಲ ೯೦ ನ್ಯೂಟನ್ ಮೀಟರ್. ಮೊದಲನೆಯ ಗೇರಿನಲ್ಲಿ ಅದು ಒಟ್ಟು ೧೪ ಪಟ್ಟಾದರೆ ಚಕ್ರದ ಅಚ್ಚಿನಲ್ಲಿ ೧೨೬೦ ನ್ಯೂಟನ್ ಮೀಟರ್. ಇದನ್ನು ಅರ್ಧ ಮೀಟರ್ ದೂರದಲ್ಲಿರುವ ಒಂದು ಮೌಂಟಿಂಗ್ ತಡೆಯಬೇಕಾದರೆ ಅದರ ಮೇಲೆ ಬೀಳುವ ಬಲ ೨೫೨೦ ನ್ಯೂಟನ್, ಅಂದರೆ ೨೫೦ ಕಿಲೋಗಿಂತ ಹೆಚ್ಚಿನ ಭಾರ. ಎರಡೂವರೆ ಕ್ವಿಂಟಲ್ ಅಕ್ಕಿಮೂಟೆಯನ್ನು ಒಂದು ಕ್ಷಣ ಅದರ ಮೇಲೆ ಹೇರಿದಂತೆ! ಚಡಾವಿನಲ್ಲಿ ಕ್ಲಚ್ಚನ್ನು ಥಟ್ಟನೆ ಬಿಟ್ಟಾಗಲೆಲ್ಲ ಮೌಂಟಿಂಗ್ ಇಂಥ ಹೊಡೆತ ತಿನ್ನುತ್ತದೆ.

ಹೀಗೆ ಸಣ್ಣ ನಡುಕಕ್ಕೆ ಮೆತ್ತಗಿರಬೇಕು, ದೊಡ್ಡ ಎಳೆತಕ್ಕೆ ಬಿಗಿಯಾಗಿರಬೇಕು. ಒಂದೇ ರಬ್ಬರಿನಿಂದ ಎರಡನ್ನೂ ಮಾಡಿಸುವುದರಲ್ಲಿ ಎಂಜಿನಿಯರರ ಜಾಣ್ಮೆ ಇದೆ. ರಬ್ಬರ್ ಅಡ್ಡಡ್ಡ ಜಾರುವಾಗ ಮೃದು, ಅದುಮಿದಾಗ ಬಿಗಿ. ಮೌಂಟಿಂಗಿನ ರಬ್ಬರನ್ನು ಓರೆಯಾಗಿ ಕೂರಿಸುವುದು, ನಡುವೆ ಬೇಕೆಂದೇ ಖಾಲಿ ಕಿಂಡಿ ಬಿಡುವುದು ಇದಕ್ಕಾಗಿ. ಎಂಜಿನ್ ಸ್ವಲ್ಪ ಅಲುಗಿದಾಗ ಕಿಂಡಿ ತೆರೆದಿರುತ್ತದೆ. ಹೆಚ್ಚು ವಾಲಿದಾಗ ಕಿಂಡಿ ಮುಚ್ಚಿ ದಪ್ಪ ರಬ್ಬರ್ ಅಡ್ಡ ನಿಲ್ಲುತ್ತದೆ. ಆ ಕಿಂಡಿಯನ್ನು ಕಂಡು "ಇದರಲ್ಲಿ ರಬ್ಬರೇ ಕಡಿಮೆ, ಇನ್ನೊಂದರಲ್ಲಿ ತುಂಬ ಇದೆ" ಎಂದು ಭರ್ತಿ ರಬ್ಬರಿನ ಮೌಂಟಿಂಗನ್ನು ಆರಿಸುವುದು ತಪ್ಪು ಲೆಕ್ಕ.

ಈಚಿನ ಅನೇಕ ಕಾರುಗಳಲ್ಲಿ ಮೌಂಟಿಂಗಿನ ಒಳಗೆ ದ್ರವವೂ ಇರುತ್ತದೆ. ನೀರು ಮತ್ತು ಗ್ಲೈಕಾಲ್ ಬೆರಸಿದ ಈ ದ್ರವ ಎರಡು ಕೋಣೆಗಳ ನಡುವೆ ಸಣ್ಣ ಕಾಲುವೆಯಲ್ಲಿ ಓಡಾಡುತ್ತದೆ. ಗುಂಡಿಗೆ ಬಿದ್ದಾಗ ಎಂಜಿನ್ ದೊಡ್ಡದಾಗಿ ಜಿಗಿಯದಂತೆ ದ್ರವ ತಡೆಯುತ್ತದೆ. ಸಣ್ಣ ನಡುಕಕ್ಕೆ ಮೆತ್ತೆ ಮೆತ್ತಗೇ ಉಳಿಯುತ್ತದೆ. ಇಂಥ ಕಾರಿಗೆ ಬರೀ ರಬ್ಬರಿನ ಅಗ್ಗದ ಬದಲಿ ಹಾಕಿದರೆ ಕಾರಿನ ಸ್ವಭಾವವೇ ಬದಲಾಗುತ್ತದೆ.

ತೇಲುವ ಎಂಜಿನ್

ಕಾರುಗಳ ಮೊದಲ ಕಾಲದಲ್ಲಿ ಎಂಜಿನ್ನನ್ನು ಚಾಸಿಗೆ ನೇರವಾಗಿಯೇ ಬಿಗಿಯುತ್ತಿದ್ದರು. ನಡುಕ ಬೇಡವೆಂದರೆ ಆರು, ಎಂಟು ಸಿಲಿಂಡರಿನ ದುಬಾರಿ ಕಾರು ಕೊಳ್ಳಬೇಕಿತ್ತು. ಅಮೆರಿಕದ ಕ್ರೈಸ್ಲರ್ ಕಂಪನಿ ೧೯೩೧ರಲ್ಲಿ ತನ್ನ ಪ್ಲಿಮತ್ ಕಾರಿನಲ್ಲಿ ಹೊಸ ಉಪಾಯ ಹೂಡಿತು. ಎಂಜಿನ್ ತನ್ನ ಗುರುತ್ವಕೇಂದ್ರದ ಮೂಲಕ ಹಾಯುವ ಓರೆ ಅಕ್ಷದ ಸುತ್ತ ಸಹಜವಾಗಿ ಓಲಾಡುವಂತೆ, ಮುಂದೆ ಎತ್ತರದಲ್ಲಿ ಒಂದು, ಹಿಂದೆ ತಗ್ಗಿನಲ್ಲಿ ಒಂದು ರಬ್ಬರ್ ಆಸರೆ ಕೊಟ್ಟಿತು. ಇದಕ್ಕೆ 'ಫ್ಲೋಟಿಂಗ್ ಪವರ್' ಎಂದು ಹೆಸರು. ನಾಲ್ಕೇ ಸಿಲಿಂಡರಿನ ಅಗ್ಗದ ಕಾರು ದೊಡ್ಡ ಕಾರಿನಂತೆ ನಯವಾಗಿ ಓಡಿತು. ಫ್ರಾನ್ಸಿನ ಸಿಟ್ರೊಯೆನ್ ಕಂಪನಿ ಇದರ ಹಕ್ಕು ಪಡೆದು ೧೯೩೨ರಿಂದ ತನ್ನ ಕಾರುಗಳಲ್ಲಿ ಬಳಸಿತು. ನೀರಲ್ಲಿ ತೇಲುವ ಹಂಸದ ಚಿತ್ರವನ್ನು ಕಾರಿನ ಲಾಂಛನದಲ್ಲಿ ಸೇರಿಸಿತು. ಜನಸಾಮಾನ್ಯರ ಕಾರಿಗೆ ನೆಮ್ಮದಿ ತಂದದ್ದು ಈ ರಬ್ಬರ್ ತುಂಡು.

ರಬ್ಬರಿಗೂ ಮುಪ್ಪು

ಸುಳ್ಯ, ಪುತ್ತೂರು ಕಡೆಯ ತೋಟಗಳಲ್ಲಿ ಮರದಿಂದ ಇಳಿಸುವ ಹಾಲು ಹಾಗೆಯೇ ಮೌಂಟಿಂಗ್ ಆಗಲಾರದು. ಹಸಿ ರಬ್ಬರ್ ಬಿಸಿಲಿಗೆ ಅಂಟಂಟು, ಚಳಿಗೆ ಪೆಡಸು. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ೧೮೩೯ರಲ್ಲಿ ಅದನ್ನು ಗಂಧಕದೊಡನೆ ಕಾಯಿಸಿ ಗಟ್ಟಿಗೊಳಿಸುವುದನ್ನು ಕಂಡುಹಿಡಿದ. ಗಂಧಕವು ರಬ್ಬರಿನ ಉದ್ದುದ್ದ ಅಣುಸರಪಣಿಗಳ ನಡುವೆ ಸೇತುವೆ ಕಟ್ಟುತ್ತದೆ. ಇದೇ ವಲ್ಕನೀಕರಣ. ಹೀಗೆ ಹದಗೊಳಿಸಿದ ಸಹಜ ರಬ್ಬರ್ ಲಕ್ಷಾಂತರ ಬಾರಿ ಹಿಗ್ಗಿ ಕುಗ್ಗಿದರೂ ತಾಳಿಕೊಳ್ಳುತ್ತದೆ. ಮೌಂಟಿಂಗುಗಳಿಗೆ ಇಂದಿಗೂ ಅದು ಅಚ್ಚುಮೆಚ್ಚು.

ಆದರೆ ಅದಕ್ಕೆ ಮೂರು ಶತ್ರುಗಳಿವೆ. ಮೊದಲನೆಯದು ಶಾಖ. ಎಂಜಿನ್ನಿನ ಬಿಸಿಗೆ ವರ್ಷಗಟ್ಟಲೆ ಬೆಂದು ರಬ್ಬರ್ ಗಡುಸಾಗುತ್ತದೆ. ಎರಡನೆಯದು ಎಣ್ಣೆ. ಸೋರಿದ ಎಂಜಿನ್ ಆಯಿಲ್ಲನ್ನು ಕುಡಿದು ರಬ್ಬರ್ ಉಬ್ಬಿ, ಮೆದುವಾಗಿ, ಲೋಹದಿಂದ ಬಿಟ್ಟುಕೊಳ್ಳುತ್ತದೆ. ಮೂರನೆಯದು ಗಾಳಿಯಲ್ಲಿರುವ ಓಜೋನ್. ಎಳೆತದಲ್ಲಿರುವ ರಬ್ಬರಿನ ಮೈಮೇಲೆ ಅದು ಸಣ್ಣ ಸಣ್ಣ ಬಿರುಕುಗಳನ್ನು ಮೂಡಿಸುತ್ತದೆ. ಆದ್ದರಿಂದ ಮೌಂಟಿಂಗ್ ಬದಲಿಸುವ ಮೊದಲು ಮೇಲಿನಿಂದ ಎಣ್ಣೆ ಸೋರುತ್ತಿದೆಯೇ ನೋಡಿ ಅದನ್ನು ನಿಲ್ಲಿಸಬೇಕು. ಇಲ್ಲವಾದರೆ ಹೊಸ ಮೆತ್ತೆಗೂ ಹಳೆಯದರ ಗತಿಯೇ.

ಚಕ್ರದ ಬಳಿಯ ರಬ್ಬರು

ಎಂಜಿನ್ನಿನ ಮೌಂಟಿಂಗ್ ಕೆಟ್ಟರೆ ನೆಮ್ಮದಿ ಕೆಡುತ್ತದೆ. ಚಕ್ರದ ಬಳಿಯ ಬುಷ್‌ಗಳು ಕೆಟ್ಟರೆ ಕಾರು ಹೇಳಿದ ಮಾತು ಕೇಳುವುದನ್ನೇ ಬಿಡಬಹುದು. ಮಕ್ಕಳನ್ನು ಕೂರಿಸಿಕೊಂಡು ಹೋಗುವ ಕಾರಿನಲ್ಲಿ ಇದಕ್ಕೇ ಮೊದಲ ಗಮನ ಸಲ್ಲಬೇಕು.

ಮುಂಚಕ್ರವನ್ನು ಕಾರಿನ ಮೈಗೆ ಜೋಡಿಸುವ ಕೆಳಗಿನ ತೋಳಿಗೆ ಲೋವರ್ ಆರ್ಮ್ ಎನ್ನುತ್ತಾರೆ. ಅದು ಕೀಲಿನಂತೆ ಆಡುವ ಜಾಗದಲ್ಲಿ ರಬ್ಬರ್ ಬುಷ್‌ಗಳಿರುತ್ತವೆ. ಎರಡು ಉಕ್ಕಿನ ಕೊಳವೆ, ನಡುವೆ ಅಂಟಿಸಿದ ರಬ್ಬರ್. ಚಕ್ರ ಗುಂಡಿಗೆ ಬಿದ್ದಾಗ ಅದು ಒಂದಿಷ್ಟು ಹಿಂದಕ್ಕೆ ಸರಿದು ಪೆಟ್ಟನ್ನು ನುಂಗಬೇಕು, ಆದರೆ ತಿರುವಿನಲ್ಲಿ ಅಕ್ಕಪಕ್ಕಕ್ಕೆ ಜಾರಬಾರದು. ಹೀಗಾಗಿ ಎಷ್ಟೋ ಬುಷ್‌ಗಳು ಒಂದು ದಿಕ್ಕಿಗೆ ಮೃದು, ಇನ್ನೊಂದು ದಿಕ್ಕಿಗೆ ಬಿಗಿ. ಅವುಗಳಲ್ಲಿರುವ ಕಿಂಡಿ ಯಾವ ದಿಕ್ಕಿಗಿರಬೇಕು ಎಂಬುದಕ್ಕೆ ಗುರುತು ಇರುತ್ತದೆ. ಅದನ್ನು ತಿರುವಿ ಕೂರಿಸಿದರೆ ಒಳ್ಳೆಯ ಬುಷ್ ಕೂಡ ಕೆಟ್ಟ ಬುಷ್ಷೇ.

ಬುಷ್ ಹರಿದರೆ ಬ್ರೇಕ್ ಹಾಕಿದಾಗ ಚಕ್ರ ತನ್ನ ಕೋನ ಬದಲಿಸುತ್ತದೆ. ಕಾರು ಒಂದು ಕಡೆಗೆ ಎಳೆಯುತ್ತದೆ. ಟೈರು ಒಂದೇ ಅಂಚಿನಲ್ಲಿ ಸವೆಯುತ್ತದೆ. ಬುಷ್ಷಿನಲ್ಲಿ ಉಳಿಸಿದ ಹಣಕ್ಕಿಂತ ಹೆಚ್ಚಿನದನ್ನು ಟೈರಿಗೆ ಸುರಿಯಬೇಕಾಗಬಹುದು. ಷಾಕ್ ಅಬ್ಸಾರ್ಬರಿನ ಮೇಲ್ತುದಿಯಲ್ಲಿರುವ ಸ್ಟ್ರಟ್ ಮೌಂಟಿಂಗ್ ಕೂಡ ಇದೇ ಕುಟುಂಬದ್ದು. ಅದರೊಳಗಿನ ಬೇರಿಂಗ್ ಹಾಳಾದರೆ ನಿಂತ ಕಾರಿನ ಸ್ಟೀರಿಂಗ್ ತಿರುಗಿಸುವಾಗ ಕಿರುಗುಟ್ಟುತ್ತದೆ.

ಮೊದಲು ರೋಗ ತಿಳಿಯಿರಿ

ನಡುಕವೆಲ್ಲ ಮೌಂಟಿಂಗಿನ ತಪ್ಪಲ್ಲ. ಒಂದು ಸ್ಪಾರ್ಕ್ ಪ್ಲಗ್ ಕೆಟ್ಟು ಒಂದು ಸಿಲಿಂಡರ್ ಸರಿಯಾಗಿ ಉರಿಯದಿದ್ದರೂ ಎಂಜಿನ್ ನಡುಗುತ್ತದೆ. ಗಾಳಿ ಒಳಬರುವ ಥ್ರಾಟಲ್ ಕೊಳೆಯಾಗಿ ಐಡ್ಲಿಂಗ್ ವೇಗ ಇಳಿದರೂ ಅಷ್ಟೆ. ಆವೃತ್ತಿ ಇಳಿದು ಸಹಜ ಆವೃತ್ತಿಯ ಹತ್ತಿರ ಬಂತಲ್ಲ! ನಿಂತಾಗ ನಡುಕವಿಲ್ಲದೆ ನಿರ್ದಿಷ್ಟ ವೇಗದಲ್ಲಿ ಓಡುವಾಗ ಮಾತ್ರ ಬಂದರೆ ಚಕ್ರದ ಬ್ಯಾಲೆನ್ಸಿಂಗ್ ನೋಡಿಸಿ. ಹಂಪಿನ ಮೇಲಿನ 'ಟಕ್ ಟಕ್' ಲಿಂಕ್ ರಾಡಿನದೋ ಬಾಲ್ ಜಾಯಿಂಟಿನದೋ ಇರಬಹುದು.

ಮೌಂಟಿಂಗನ್ನು ಪರೀಕ್ಷಿಸುವ ಕ್ರಮ ಹೀಗೆ. ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಬಾನೆಟ್ ಎತ್ತಿ, ನುರಿತ ಚಾಲಕ ಕಾಲಿನ ಬ್ರೇಕನ್ನೂ ಒತ್ತಿಕೊಂಡು ಕ್ಲಚ್ಚನ್ನು ಸ್ವಲ್ಪವೇ ಬಿಡಬೇಕು. ಒಮ್ಮೆ ಮೊದಲ ಗೇರಿನಲ್ಲಿ, ಒಮ್ಮೆ ರಿವರ್ಸಿನಲ್ಲಿ. ಮೆಕ್ಯಾನಿಕ್ ಪಕ್ಕದಲ್ಲಿ ನಿಂತು ನೋಡಬೇಕು. ಎಂಜಿನ್ ಒಂದಿಷ್ಟು ವಾಲುವುದು ಸಹಜ. ಎಗರಿ ಬಿದ್ದರೆ ಮೌಂಟಿಂಗ್ ಹರಿದಿದೆ. ಕಾರಿನ ಎದುರಿಗೆ ಅಥವಾ ಹಿಂದೆ ಯಾರೂ, ಅದರಲ್ಲೂ ಮಕ್ಕಳು, ನಿಲ್ಲಕೂಡದು. ದುಪಟ್ಟಾ, ಸಡಿಲ ತೋಳು, ಬೆರಳು ಎಂಜಿನ್ನಿನ ಬಳಿ ಹೋಗಕೂಡದು. ರೇಡಿಯೇಟರಿನ ಫ್ಯಾನ್ ತಾನಾಗಿಯೇ ತಿರುಗಲಾರಂಭಿಸುತ್ತದೆ. ದ್ರವದ ಮೌಂಟಿಂಗ್ ಒಡೆದಿದ್ದರೆ ಅದರ ಸುತ್ತ ಒದ್ದೆಯ ಕಲೆ ಕಾಣಿಸುತ್ತದೆ.

ಯಾವುದನ್ನು ಕೊಳ್ಳಬೇಕು?

ದಿನಬಳಕೆಯ ಕಾರಿಗೆ ಮೊದಲ ಆಯ್ಕೆ ಕಾರು ತಯಾರಿಸಿದ ಕಂಪನಿಯ ಬಿಡಿಭಾಗ. ಅದರ ರಬ್ಬರಿನ ಬಿಗಿತವನ್ನು ಆ ಎಂಜಿನ್ನಿಗಾಗಿಯೇ ಹೊಂದಿಸಿರುತ್ತಾರೆ. ಎರಡನೆಯದು, ಕಾರು ಕಂಪನಿಗೆ ಮೌಂಟಿಂಗ್ ಮಾಡಿಕೊಡುವ ತಯಾರಕರೇ ತಮ್ಮ ಹೆಸರಿನಲ್ಲಿ ಮಾರುವ ಮಾಲು. ಗುಣ ಹೆಚ್ಚು ಕಡಿಮೆ ಅದೇ, ಬೆಲೆ ಸಾಮಾನ್ಯವಾಗಿ ಕಡಿಮೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಕೇಳಿದರೆ ಸಿಗುತ್ತವೆ. ಕೈ ಬಿಗಿಯಿರುವ ಕುಟುಂಬಕ್ಕೆ ಜಾಣತನದ ದಾರಿ ಇದು.

ಮೂರನೆಯದು ಹೆಸರು ಊರಿಲ್ಲದ ಲೋಕಲ್ ಮಾಲು. ಅದು ಬೋಲ್ಟಿನ ತೂತಿಗೆ ಸರಿಯಾಗಿ ಕೂರುತ್ತದೆ, ಅಷ್ಟನ್ನೇ ಖಚಿತವಾಗಿ ಹೇಳಬಹುದು. ರಬ್ಬರ್ ಯಾವುದು, ಎಷ್ಟು ಗಡಸು, ಲೋಹಕ್ಕೆ ಹೇಗೆ ಅಂಟಿದೆ ಎಂಬುದು ಹಾಕಿದ ಮೇಲಷ್ಟೇ ತಿಳಿಯುವುದು. ನಾಲ್ಕನೆಯದು ಗುಜರಿಯ ಹಳೆಯ ಮೌಂಟಿಂಗ್. ಹೊರಗೆ ಚೆನ್ನಾಗಿ ಕಂಡರೂ ಅದರ ರಬ್ಬರ್ ನಿಮ್ಮ ಹಳೆಯದರಷ್ಟೇ ಬೆಂದಿರುತ್ತದೆ. ಮಾಡುವ ಕೂಲಿ ಎರಡು ಬಾರಿ ತೆರಬೇಕಾದೀತು.

ಐದನೆಯದು ಪಾಲಿಯುರೆಥೇನ್. ಜರ್ಮನಿಯ ಒಟ್ಟೊ ಬೇಯರ್ ೧೯೩೭ರಲ್ಲಿ ರೂಪಿಸಿದ ರಾಸಾಯನಿಕ ವಿಧಾನದ ಕೂಸು ಇದು. ಕೆಂಪು, ನೀಲಿ ಬಣ್ಣಗಳಲ್ಲಿ ಬರುವ ಇದನ್ನು ಕಂಡರೆ ಕಾಲೇಜು ಹುಡುಗರಿಗೆ ಆಸೆ. ಎಣ್ಣೆಗೆ ಅಂಜುವುದಿಲ್ಲ, ಬಹಳ ಬಾಳುತ್ತದೆ ಎಂಬುದು ನಿಜ. ಆದರೆ ಇಂಥ ಬುಷ್‌ಗಳ ಗಡಸುತನ ಸಾಮಾನ್ಯವಾಗಿ ೮೦ರಿಂದ ೯೫. ಮೇಲಿನ ಲೆಕ್ಕ ಮಾಡಿದವರಿಗೆ ಮುಂದಿನದನ್ನು ಬಿಡಿಸಿ ಹೇಳಬೇಕಿಲ್ಲ. ರೇಸಿನ ಕಾರಿಗೆ ಎಂಜಿನ್ ಒಂದಿಷ್ಟೂ ಅಲುಗದಿರುವುದು ಮುಖ್ಯ, ನಡುಕ ಅಲ್ಲಿ ಯಾರಿಗೂ ದೂರಲ್ಲ. ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯುವ ಕಾರಿಗೆ ಅದು ಸಲ್ಲದು.

ಅಂಗಡಿಯಲ್ಲಿ ಇನ್ನೂ ಎರಡು ವಿಷಯ ನೋಡಿ. ಪೊಟ್ಟಣದ ಮೇಲಿನ ಪಾರ್ಟ್ ನಂಬರ್ ನಿಮ್ಮ ಕಾರಿನ ಮಾದರಿ, ವರ್ಷ ಮತ್ತು ಎಂಜಿನ್ನಿಗೆ ಹೊಂದಬೇಕು. ಪೆಟ್ರೋಲ್ ಕಾರಿನ ಮೌಂಟಿಂಗ್ ಡೀಸೆಲ್ ಕಾರಿಗೆ ಆಗದೇ ಇರಬಹುದು. ಇನ್ನೊಂದು, ರಬ್ಬರಿನ ವಯಸ್ಸು. ಎಷ್ಟೋ ಬಿಡಿಭಾಗಗಳ ಮೇಲೆ ಅಚ್ಚಿನಲ್ಲೇ ಮೂಡಿದ ಸಣ್ಣ ಗಡಿಯಾರದಂಥ ಗುರುತು ಇರುತ್ತದೆ. ನಡುವೆ ವರ್ಷ, ಬಾಣ ತೋರಿಸುವುದು ತಿಂಗಳು. ಕಪಾಟಿನಲ್ಲಿ ಕುಳಿತೇ ಮುದಿಯಾದ ರಬ್ಬರಿಗೆ ಹೊಸ ಬೆಲೆ ಕೊಡಬೇಡಿ.

ಒಂದನ್ನೇ ಬದಲಿಸಬೇಕೇ, ಎಲ್ಲವನ್ನೂ ಬದಲಿಸಬೇಕೇ? ಒಂದು ಮೌಂಟಿಂಗ್ ಹರಿದಾಗ ಅದರ ಪಾಲಿನ ಭಾರವನ್ನು ಉಳಿದವು ಹೊತ್ತಿರುತ್ತವೆ. ಆದ್ದರಿಂದ ಎಲ್ಲವನ್ನೂ ಪರೀಕ್ಷಿಸಿ, ಬಿರುಕು ಬಿಟ್ಟವನ್ನೆಲ್ಲ ಒಟ್ಟಿಗೆ ಬದಲಿಸುವುದು ಒಳ್ಳೆಯದು. ಲೋವರ್ ಆರ್ಮ್ ಬುಷ್‌ಗಳನ್ನು ಮಾತ್ರ ಎಡಬಲ ಜೋಡಿಯಾಗಿಯೇ ಹಾಕಿಸಿ. ಒಂದು ಕಡೆ ಹೊಸದು, ಒಂದು ಕಡೆ ಹಳೆಯದು ಇದ್ದರೆ ಎರಡು ಚಕ್ರಗಳೂ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ಹಣ ಒಮ್ಮೆಗೇ ಹೊಂದದಿದ್ದರೆ ಮೊದಲು ಚಕ್ರದ ಬಳಿಯ ಬುಷ್, ಆಮೇಲೆ ಎಂಜಿನ್ನಿನದು. ಆದರೆ ಎಂಜಿನ್ನಿನ ಮೌಂಟಿಂಗ್ ಪೂರ್ತಿ ಕಳಚಿಕೊಂಡಿದ್ದರೆ ಅದಕ್ಕೂ ತಡ ಸಲ್ಲದು. ಹೋಸ್‌ಗಳು, ವೈರುಗಳು, ಡ್ರೈವ್ ಷಾಫ್ಟ್ ಎಲ್ಲವೂ ಅದರ ಪೆಟ್ಟು ತಿನ್ನುತ್ತವೆ.

ಕೂರಿಸುವಾಗ

ಒಳ್ಳೆಯ ಬುಷ್ ತಂದುಕೊಟ್ಟರೂ ಕೂರಿಸುವ ಕ್ರಮ ತಪ್ಪಿದರೆ ಅದು ಬೇಗ ಹರಿಯುತ್ತದೆ. ಕಾರನ್ನು ಜಾಕಿಯ ಮೇಲೆ ಎತ್ತಿದಾಗ ಚಕ್ರ ಕೆಳಗೆ ಜೋತು ಬಿದ್ದಿರುತ್ತದೆ. ಆಗಲೇ ಆರ್ಮಿನ ಬೋಲ್ಟನ್ನು ಪೂರ್ತಿ ಬಿಗಿದರೆ ರಬ್ಬರ್ ಆ ಭಂಗಿಯಲ್ಲೇ ಹಿಡಿದುಕೊಳ್ಳುತ್ತದೆ. ಕಾರು ನೆಲಕ್ಕಿಳಿದಾಗ ಆರ್ಮ್ ಮೇಲೇಳುತ್ತದೆ, ರಬ್ಬರ್ ತಿರುಚಿಕೊಳ್ಳುತ್ತದೆ. ಆಮೇಲೆ ಕಾರು ನಿಂತಿರಲಿ ಓಡಲಿ, ಅದು ಸದಾ ತಿರುಚಿದ ಸ್ಥಿತಿಯಲ್ಲೇ ಇರಬೇಕು. ಅದಕ್ಕಾಗಿ ಬೋಲ್ಟನ್ನು ಮೊದಲು ಸಡಿಲವಾಗಿ ಹಾಕಿ, ಕಾರಿನ ಭಾರ ಚಕ್ರಗಳ ಮೇಲೆ ಬಿದ್ದ ನಂತರ ಕಂಪನಿ ಹೇಳಿದ ಅಳತೆಗೆ ಟಾರ್ಕ್ ಪಾನಾದಿಂದ ಬಿಗಿಯಬೇಕು. ಎಂಜಿನ್ ಮೌಂಟಿಂಗುಗಳಿಗೂ ಇದೇ ನ್ಯಾಯ: ಎಲ್ಲ ಬೋಲ್ಟುಗಳನ್ನೂ ಕೈಬಿಗಿಯಾಗಿ ಹಾಕಿ, ಎಂಜಿನ್ ತನ್ನ ಸಹಜ ಜಾಗದಲ್ಲಿ ಕೂತ ಮೇಲೆ ಬಿಗಿಯಬೇಕು. ಬುಷ್ ಬದಲಿಸಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸುವುದನ್ನು ಮರೆಯಬಾರದು. ಸ್ಟ್ರಟ್ ಮೌಂಟಿಂಗಿನ ಕೆಲಸಕ್ಕೆ ಮನೆಯಲ್ಲಿ ಕೈಹಾಕಲೇಬೇಡಿ. ಅದುಮಿಟ್ಟ ಸ್ಪ್ರಿಂಗ್ ಸಿಡಿದರೆ ಪ್ರಾಣಕ್ಕೇ ಅಪಾಯ.

ವಿದ್ಯುತ್ ಕಾರು ಬಂದರೆ ಈ ತಲೆನೋವೆಲ್ಲ ಹೋಗುತ್ತದೆ ಎನ್ನುವವರಿದ್ದಾರೆ. ಅದರ ಮೋಟಾರಿಗೂ ಮೌಂಟಿಂಗ್ ಬೇಕು. ಅಲ್ಲಿ ಒದೆತದ ನಡುಕವಿಲ್ಲ, ಆದರೆ ಮೋಟಾರು ಮತ್ತು ಗೇರುಗಳ ಕೀರಲು ದನಿಯನ್ನು ತಡೆಯಬೇಕು, ಥಟ್ಟನೆ ಬರುವ ತಿರುಚುಬಲವನ್ನೂ ತಾಳಬೇಕು. ಚಕ್ರದ ಬಳಿಯ ಬುಷ್‌ಗಳಂತೂ ಇದ್ದೇ ಇವೆ. ಎಂಜಿನ್ನಿನ ಸದ್ದು ಮುಚ್ಚಿಡುತ್ತಿದ್ದ ಅವುಗಳ 'ಟಕ್ ಟಕ್' ಅಲ್ಲಿ ಇನ್ನೂ ಸ್ಪಷ್ಟವಾಗಿ ಕೇಳುತ್ತದೆ.

ಗ್ಯಾರೇಜಿನಿಂದ ಕಾರು ಬಿಡಿಸಿಕೊಳ್ಳುವಾಗ ಬಿಚ್ಚಿದ ಹಳೆಯ ಮೌಂಟಿಂಗುಗಳನ್ನು ಕೇಳಿ ಪಡೆಯಿರಿ. ಬದಲಿಸಿದ್ದು ನಿಜವೇ ಎಂಬುದಕ್ಕೆ ಅದು ಸಾಕ್ಷಿ. ಒರೆಸಿ, ಹಳೆಯ ಪತ್ರಿಕೆಯಲ್ಲಿ ಸುತ್ತಿ ಮನೆಗೆ ತಂದು ಮಕ್ಕಳ ಮುಂದಿಡಿ. ಬಿರುಕು ಎಲ್ಲಿ ಶುರುವಾಗಿದೆ, ಯಾವ ದಿಕ್ಕಿಗೆ ಹರಿದಿದೆ, ಎಣ್ಣೆ ಕುಡಿದ ಭಾಗ ಎಷ್ಟು ಉಬ್ಬಿದೆ ಎಂದು ಅವರೇ ಹುಡುಕಲಿ.